ಬಾವಿಯ ಪಕ್ಕದ ನಾಲ್ಕು ಮರಗಳು

ಚಿಕ್ಕನಾಯಕನಹಳ್ಳಿ ಕಡೆಯ ಗುಡ್ಡದೂರಿನ ಸಾವಯವ ತೋಟದಲ್ಲಿ ಎರಡು ದಿನ ಉಳಿಯಲು ಬಂದಿದ್ದೇನೆ. ಬೆಳಿಗ್ಗೆ ತೋಟದ ಯಜಮಾನರು ತೆಂಗಿನ ಬೇರೊಂದನ್ನು ಓರೆಯಾಗಿ ಕತ್ತರಿಸಿ, ತುದಿಗೆ ಬೇವಿನ ಔಷಧಿಯ ಪ್ಲಾಸ್ಟಿಕ್ ಚೀಲ ಕಟ್ಟುತ್ತಿದ್ದರು.

ತುರುವೇಕೆರೆ ಕಡೆಯ ನಮ್ಮ ತೋಟದಲ್ಲಿ ತಾತನೂ ಹೀಗೇ ಕಟ್ಟುತ್ತಿದ್ದರು. ತಾತನ ಚೀಲದಲ್ಲಿದ್ದದ್ದು ಬೇವಲ್ಲ, ಮೂಗು ಉರಿಸುವ ವಿಷ. ಬೇರು ಹೀರಿದ ಆ ವಿಷಕ್ಕೆ ಕಾಯಿಗೆ ಬಿದ್ದ ನುಸಿ ಸಾಯಬೇಕಿತ್ತು. ಕಟ್ಟಿದ ಮರದ ಎಳನೀರನ್ನು ಬಹಳ ದಿನ ಮುಟ್ಟಬಾರದೆಂದು ಕಾಂಡಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದರು. ನಾವು ಕುಡಿಯಲೆಂದು ಬಾವಿಯ ಪಕ್ಕದ ನಾಲ್ಕು ಮರಗಳಿಗೆ ಮಾತ್ರ ಔಷಧಿ ಕಟ್ಟುತ್ತಿರಲಿಲ್ಲ.

ನಾನು ಚಿಕ್ಕವನಿದ್ದಾಗ ಒಂದು ದಿನ ಗೆರೆಯ ಮರಗಳಿಂದಲೇ ಎಳನೀರು ಇಳಿಸಿ ಟೆಂಪೋಗೆ ತುಂಬುತ್ತಿದ್ದರು. ಸುಣ್ಣ ಇನ್ನೂ ಕೈಗೆ ಮೆತ್ತುತ್ತಿತ್ತು. ಓಡಿಹೋಗಿ ಟೆಂಪೋದವನ ಅಂಗಿ ಜಗ್ಗಿದೆ.

"ಅಣ್ಣ, ಇದ್ಕೆ ಔಷಧಿ ಕಟ್ಟವ್ರೆ!"

ಅವನು ನಕ್ಕುಬಿಟ್ಟ. "ಗೊತ್ತು ಕಣಪ್ಪ. ನಮ್ಮನೇಗೆ ಅಂತ ಬಾವಿ ಪಕ್ಕದ್ದು ಎಲ್ಡು ಎತ್ತಿಟ್ಟವ್ರೆ ನಿಮ್ ತಾತ."

ತಾತನ ಕಡೆ ತಿರುಗಿದೆ. "ಕುಡಿದೋರಿಗೆ ಏನೂ ಆಗಲ್ವಾ ತಾತ?"

"ಅವ್ರು ಯಾರೋ ದೂರದೋರು ಕಣ್ಲಾ. ಸುಮ್ಕಿರು ಬುಡು" ಎಂದರು, ದಾರಿಹೋಕರನ್ನೂ ಉಣಿಸದೆ ಕಳಿಸದ ನನ್ನ ತಾತ.

ಇಂದು ಕರಪತ್ರ ಹಿಡಿದು ಊರೂರಲ್ಲಿ ವಿಷದ ವಿರುದ್ಧ ಕೂಗುವ ನಾನು, ಆ ನಾಲ್ಕು ಮರಗಳ ನೀರು ಕುಡಿದೇ ಬೆಳೆದವನು.

ಈಗಷ್ಟೇ ಯಜಮಾನರ ಹೆಂಡತಿ ಎಳನೀರು ತಂದರು. "ಮನೆಯವರು ಕುಡಿಯೋಕೆ ಯಾವ ಮರ ಬಿಟ್ಕೊಂಡಿದ್ದೀರಿ?" ಎಂದು ಕೇಳಿಯೇಬಿಟ್ಟೆ.

"ಮನೆಯೋರಿಗೆ ಅಂತ ಬೇರೆ ಮರ ಇರ್ತದಾ?" ಆಕೆ ನನ್ನನ್ನೇ ಬೆರಗಾಗಿ ನೋಡಿದರು. "ಯಾವೂರಪ್ಪ ನಿಮ್ದು?"