ಬನ್ನಿಯೋ ಕಗ್ಗಲಿಯೋ

ಜಾಲಿ ಜಾತಿಯ ಮರಗಳನ್ನು ಗುರುತಿಸಲು ಹೊರಟವರಿಗೆ ಪುಸ್ತಕಕ್ಕಿಂತ ಮೊದಲು ಒಂದು ಕರವಸ್ತ್ರ ಬೇಕು, ಮೂಗಿಗೆ. ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಮುಳ್ಳುಮರದ ಬುಡವೆಂದರೆ ಊರಿನ ಹೊಲಸಿಗೆಲ್ಲ ಅದೇ ಜಾಗ. ಕೋಳಿ ಪುಕ್ಕ, ಹೆಂಡದ ಪ್ಯಾಕೆಟ್ಟು, ಮಕ್ಕಳ ಡೈಪರ್, ಅದರ ನಡುವೆ ಬೆಳಿಗ್ಗೆ ಚೊಂಬು ಹಿಡಿದು ಬಂದವರ ಗುರುತು. ಥೂ!

ನಲವತ್ತು ದಾಟಿದ ಮೇಲೆ ನನಗೆ ಗಿಡಮರಗಳ ಹುಚ್ಚು ಹಿಡಿಯಿತು. ಕರಿಜಾಲಿಯನ್ನು ಮಣಿಸರದಂಥ ಕಾಯಿ ನೋಡಿ, ಬಿಳಿಜಾಲಿಯನ್ನು ತೊಗಟೆ ನೋಡಿ ಹೇಳಲು ಕಲಿತೆ. ಅಷ್ಟಕ್ಕೇ ಅಲ್ಪನಿಗೆ ಐಶ್ವರ್ಯ ಬಂದಂತಾಗಿ, ಸಿಕ್ಕಸಿಕ್ಕವರಿಗೆಲ್ಲ ಪಾಠ ಮಾಡುತ್ತಿದ್ದೆ.

ಹಾಗಿರುವಾಗ ಪಿರಿಯಾಪಟ್ಟಣದ ಹತ್ತಿರ ಸೋದರಮಾವನ ಮನೆಗೆ ಹೋದೆ. ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿಗೆ ಸೌದೆ ಬೇಕಾಗಿ, ಹೊಲದಂಚಿನ ಹಳೇ ಮರವೊಂದನ್ನು ಕಡಿಸಲು ಮಾವ ನಿಂತಿದ್ದರು. ಅತ್ತೆ ಬಿಡುತ್ತಿರಲಿಲ್ಲ.

"ನಿಮ್ಮಜ್ಜಿ ಅಬ್ಬದ ದಿನ ಇದುಕ್ಕೇ ಪೂಜೆ ಮಾಡಿ ಸೊಪ್ಪು ತತ್ತಿದ್ರು ಕಣವ್ವಾ. ಬನ್ನಿಗೆ ಕೊಡ್ಲಿ ಆಕ್ಬಾರ್ದು."

"ಇವಳಿಗೆ ಮುಳ್ಳಿರೋದೆಲ್ಲಾ ಬನ್ನಿ," ಎಂದರು ಮಾವ. "ನೀನು ಓದ್ಕಂಡಿದ್ದೀಯಲ್ಲ, ನೀನೇ ಏಳು. ಬನ್ನಿ ಅಂದ್ರೆ ನಾನು ಮುಟ್ಟಾಕಿಲ್ಲ."

ಹೊಲಕ್ಕೆ ದನ ನುಗ್ಗದಂತೆ ಮರದ ಈಚೆ ಮುಳ್ಳುಕೊಂಬೆಗಳನ್ನು ಒಟ್ಟಿದ್ದರು. ಅದರಾಚೆ, ಬುಡದ ಬಳಿ, ಅದೇ ಹೊಲಸು, ನೊಣ ಗುಂಯ್ಯೆನ್ನುತ್ತಿತ್ತು. ಸೆರಗು ಮೂಗಿಗೆ ಒತ್ತಿಕೊಂಡು, ಈಚೆಯಿಂದಲೇ ಕೈಗೆ ಸಿಕ್ಕ ಕೊಂಬೆಯೊಂದನ್ನು ಮುರಿದುಕೊಂಡು ಬಂದೆ. ಎಲೆ ಸ್ವಲ್ಪ ಬಾಡಿತ್ತು. ಬಿಸಿಲಿಗಿರಬೇಕು ಎಂದುಕೊಂಡೆ.

ಎಲೆಯ ನಡುದಂಟಿನ ಎರಡೂ ಬದಿಗೆ ಕವಲುಗಳಿರುತ್ತವೆ. ಬನ್ನಿಯಲ್ಲಿ ನಾಲ್ಕಾರು ಜೊತೆ, ಕಗ್ಗಲಿಯಲ್ಲಿ ಹತ್ತಕ್ಕೂ ಹೆಚ್ಚು. ನಾನು ಎಣಿಸಿದೆ. ಹದಿನೆಂಟು! ಮುಳ್ಳು ಬೆಕ್ಕಿನ ಉಗುರಿನಂತೆ ಕೊಂಕು.

"ಇದು ಬನ್ನಿ ಅಲ್ಲ ಅತ್ತೆ, ಕಗ್ಗಲಿ," ಎಂದೆ. ಹೇಳುವಾಗ ನನಗೆ ಖುಷಿಯೇ ಆಗಿತ್ತು, ಸುಳ್ಳೇಕೆ ಹೇಳಲಿ.

ಮಧ್ಯಾಹ್ನದ ಹೊತ್ತಿಗೆ ಮರ ಉರುಳಿತು. ನೆತ್ತಿ ನೆಲಕ್ಕೆ ಬಂದಿತ್ತಲ್ಲ, ಕಾಯಿ ಸಿಕ್ಕರೆ ಪುಸ್ತಕದೊಳಗಿಟ್ಟುಕೊಳ್ಳೋಣವೆಂದು ಹೋದೆ. ಅಭ್ಯಾಸಬಲದಿಂದ ಒಂದೆಲೆ ಎಣಿಸಿದೆ. ಐದು ಜೊತೆ. ಇನ್ನೊಂದು, ಐದು. ಮತ್ತೊಂದು, ನಾಲ್ಕು.

"ಮಾವ, ಬೇಲಿಗೆ ಒಟ್ಟಿದ್ದ ಕೊಂಬೆಗಳು ಈ ಮರದವೇ ಅಲ್ಲವಾ?"

"ಎಲ್ಲೀದು! ಮೊನ್ನೆ ಕೆರೆ ಏರಿಯಿಂದ ಕಡ್ಕಂಡು ಬಂದಿದ್ದು."

ಬೆಳಿಗ್ಗೆ ನಾನು ಎಣಿಸಿದ್ದು ಬೇಲಿಯ ಎಲೆಯನ್ನು. ಹಳ್ಳಿಯಲ್ಲಿ ಹುಟ್ಟಿದ ನನಗೆ ಬೇಲಿಯ ಮುಳ್ಳು ಬೇರೆ ಕಡೆಯದೆಂದು ಯಾರಾದರೂ ಹೇಳಿಕೊಡಬೇಕಿತ್ತೇ? ನಾಲ್ಕು ಹೆಜ್ಜೆ ಹೇಸಿಗೆ ದಾಟಿ ಹೋಗಲಾರದವಳು ಒಂದು ಮರದ ಹಣೆಬರಹ ಬರೆದಿದ್ದೆ. ಬುಡದ ಹೊಲಸಿಗಿಂತ ನನ್ನ ಮೇಲೇ ನನಗೆ ಅಸಹ್ಯ ಹುಟ್ಟಿತು.

ಅತ್ತೆ ನೀರು ತಂದುಕೊಟ್ಟು, ಬಿದ್ದ ಮರವನ್ನೇ ನೋಡುತ್ತ ನಿಂತರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

"ಅಂಗಾರೆ ನಿಮ್ಮಜ್ಜಿ ಅಷ್ಟು ವರ್ಸ ಯಾವ್ದೋ ಸೌದೆ ಮರುಕ್ಕೆ ಕೈ ಮುಗೀತಿದ್ರು ಅನ್ನು. ಪಾಪ, ಅವ್ರಿಗೆ ಏಳೋರಿರ್ನಿಲ್ಲ."

ಹೇಳಲು ಅದೇ ಸಮಯವಾಗಿತ್ತು. ಮಾವ ಪಕ್ಕದಲ್ಲೇ ಇದ್ದರು, ಎಲೆ ನನ್ನ ಕೈಯಲ್ಲೇ ಇತ್ತು.

"ಹೂಂ ಅತ್ತೆ," ಎಂದೆ.