ಪಾರ್ಲರಕ್ಕನ ತಲೆ

ನಮ್ಮ ಬೀದಿಯ ಪಾರ್ಲರಕ್ಕನ ತಲೆ ನೋಡಿದ ಹೊಸಬರು ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ಒಂದು ಕಿವಿಯ ಬಳಿ ಮೋಟು, ಇನ್ನೊಂದರ ಬಳಿ ಉದ್ದ, ಹಿಂದೆ ಇಲಿ ಕಡಿದ ಹಾಗೆ. ಅವಳು ಕೆಟ್ಟ ಕೆಲಸಗಾರ್ತಿಯಲ್ಲ. ನನ್ನ ಕೂದಲನ್ನು ಬಹಳ ವರ್ಷಗಳಿಂದ ಅವಳೇ ಕತ್ತರಿಸುತ್ತಾಳೆ. ನಾನು ಸುಲಭಕ್ಕೆ ಒಪ್ಪುವವಳಲ್ಲ. ಅವಳ ತಲೆಗೆ ಕತ್ತರಿ ಹಾಕುವವರು ಬೇರೆ.

ಅನಾಥಾಲಯದಿಂದ, ಕುಡುಕ ಅಪ್ಪಂದಿರ ಮನೆಗಳಿಂದ ಬಂದ ಹುಡುಗಿಯರಿಗೆ ಅವಳು ಕೆಲಸ ಕಲಿಸುತ್ತಾಳೆ. ಗುಡಿಸುವುದು, ತಲೆ ತೊಳೆಯುವುದು ಕಲಿತ ಮೇಲೆ ಮೊದಲ ಕತ್ತರಿ ಅವಳ ತಲೆಗೇ. ಗಿರಾಕಿಯ ತಲೆ ಹಾಳಾಗಬಾರದು, ಗೊಂಬೆಯ ತಲೆಗೆ ಯಾರೂ ಹೆದರುವುದಿಲ್ಲ, ಹೆದರದೆ ಕೈ ಕಲಿಯುವುದಿಲ್ಲ ಎಂಬುದು ಅವಳ ವಾದ. ತ್ಯಾಗ ಗೀಗ ಏನೂ ಇಲ್ಲ ಎಂದು ಅವಳೇ ಹೇಳಿದ್ದಾಳೆ. ನಾನೂ ಸೇರಿಸುವುದಿಲ್ಲ.

ಹೋದ ಬೇಸಿಗೆಯಲ್ಲಿ ಬಂದವಳನ್ನು ಎಲ್ಲರೂ ‘ಟೋಪಿ’ ಎನ್ನುತ್ತಿದ್ದರು. ಅಂಥ ಸೆಖೆಯಲ್ಲೂ ಉಣ್ಣೆಯ ಟೋಪಿ ತೆಗೆಯುತ್ತಿರಲಿಲ್ಲ. ಎದುರು ಮಾತಾಡಿದಾಗಲೆಲ್ಲ ಮಲತಾಯಿ ಅವಳ ತಲೆ ಬೋಳಿಸುತ್ತಿದ್ದಳಂತೆ. ಉಳಿದ ಕೆಲಸವೆಲ್ಲ ಚೊಕ್ಕ. ಕತ್ತರಿ ಕೊಟ್ಟರೆ ಮಾತ್ರ ಕೈ ಹಿಂದಕ್ಕೆ. ಒಂದು ದಿನ ಚೀಲ ಹಿಡಿದು ಬಾಗಿಲಲ್ಲಿ ನಿಂತಳು.

“ಮನೆಗೆ ಹೋಗ್ತೀನಿ ಅಕ್ಕ. ನನ್ನ ಕೈಲಿ ಆಗಲ್ಲ.”

“ಯಾವ ಮನೆಗೆ?”

ಅವಳಿಗೆ ಇದ್ದದ್ದು ಆ ಮಲತಾಯಿಯ ಮನೆ ಒಂದೇ.

“ಹೋಗು. ಹೋಗೋಕೆ ಮುಂಚೆ ಇದನ್ನ ಕತ್ತರಿಸಿ ಹೋಗು,” ಎಂದು ಪಾರ್ಲರಕ್ಕ ಹೆಗಲಿಗೆ ಬಟ್ಟೆ ಹೊದ್ದು ಕುರ್ಚಿಯಲ್ಲಿ ಕೂತಳು.

ಟವೆಲ್ ಮಡಿಸುತ್ತಿದ್ದ ಅವಳ ಮಗಳು ಕಿರುಚಿದಳು. “ಅಮ್ಮಾ! ನಾಡಿದ್ದು ನನ್ನ ಮದುವೆ! ಫೋಟೋ ತೆಗೀತಾರೆ!”

“ನಿನ್ನ ಫೋಟೋ ತಾನೆ ತೆಗೆಯೋದು?”

“ಬೀಗರು ಏನಂದ್ಕೋತಾರೆ?”

“ಅವರ ಬಾಯಿ, ಏನು ಬೇಕಾದ್ರೂ ಅಂದ್ಕೊಳ್ಳಲಿ. ಕತ್ತರಿ ತಗೊಳ್ಳೇ ಟೋಪಿ.”

ನಾನು ಒದ್ದೆ ತಲೆಯಲ್ಲಿ ಪಕ್ಕದ ಕುರ್ಚಿಯಲ್ಲಿದ್ದೆ. ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಹುಡುಗಿ ಚೀಲ ಕೆಳಗಿಟ್ಟಳು. “ಕೆಟ್ಟೋದ್ರೆ ಬೈತೀರಾ?”

“ಬೈತೀನಿ. ಬೋಳಿಸಲ್ಲ.”

ಬಲಗಡೆಗೆ ಹೊಂದಿಸಲು ಎಡಗಡೆ ಕತ್ತರಿಸಿದಳು, ಎಡಗಡೆಗೆ ಹೊಂದಿಸಲು ಬಲಗಡೆ. ಕೊನೆಗೆ ಎರಡೂ ಕಡೆ ಹೆಚ್ಚೇನೂ ಉಳಿಯಲಿಲ್ಲ. ಪಾರ್ಲರಕ್ಕ ಕನ್ನಡಿ ನೋಡಿಕೊಂಡು, ಕೊಟ್ಟ ಮಾತಿನಂತೆ ಬೈದಳು. ಕತ್ತರಿ ಹಿಡಿದ ರೀತಿ, ಬಾಚಿದ ರೀತಿ, ನಿಂತ ರೀತಿ, ಒಂದನ್ನೂ ಬಿಡಲಿಲ್ಲ. ಬೈಗುಳ ಮುಗಿದಾಗ ಹುಡುಗಿ ಚೀಲ ಎತ್ತಿಕೊಳ್ಳಲಿಲ್ಲ, ಪೊರಕೆ ತಂದಳು.

ಮದುವೆಯ ದಿನ ಫೋಟೋದವನು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದಾಗ ಮದುಮಗಳು ಅಮ್ಮನ ತಲೆ ನೋಡಿ ಅಳಲು ಶುರುಮಾಡಿದಳು. ಕಣ್ಣಿಗೆ ಹಚ್ಚಿದ್ದು ಕೆನ್ನೆಗೆ ಇಳಿಯಿತು. ಆಗ ಹಿಂದಿನ ಸಾಲಿನಿಂದ ಟೋಪಿ ಮುಂದೆ ಬಂದು, ತನ್ನ ತಲೆಯ ಮೇಲಿದ್ದುದನ್ನು ತೆಗೆದು ಪಾರ್ಲರಕ್ಕನ ತಲೆಗೆ ಎಳೆದು, ಕಿವಿ ಮುಚ್ಚುವ ಹಾಗೆ ಸರಿಮಾಡಿದಳು.

“ಶೀತವಾ?” ಎಂದು ಬೀಗಿತ್ತಿ ಕೇಳಿದಳು.

“ವಿಪರೀತ,” ಎಂದಳು ಪಾರ್ಲರಕ್ಕ, ಬೆವರು ಒರೆಸಿಕೊಳ್ಳುತ್ತ.

ಫೋಟೋ ಅಂಗಡಿಯ ಗೋಡೆಯ ಮೇಲಿದೆ. ಉಣ್ಣೆಯ ಟೋಪಿಯಲ್ಲಿ ಮದುಮಗಳ ತಾಯಿ. ಹಿಂದೆ, ಅಲ್ಲೊಂದು ಇಲ್ಲೊಂದು ಕೂದಲು ಎದ್ದು ನಿಂತ ತಲೆಯ ಹುಡುಗಿ. ಗಿರಾಕಿಗಳನ್ನು ಸೆಳೆಯುವಂಥ ಫೋಟೋ ಅಲ್ಲ.

ಮದುವೆಯ ಮರುದಿನ ಪಾರ್ಲರಕ್ಕ ಆ ಟೋಪಿ ಒಗೆದು ಹಿಂದಿರುಗಿಸಲು ಹೋದಾಗ ಹುಡುಗಿ ತೆಗೆದುಕೊಳ್ಳಲಿಲ್ಲ.

“ನೀವೇ ಇಟ್ಕೊಳ್ಳಿ ಅಕ್ಕ. ಮುಂದಿನ ತಿಂಗಳು ಇನ್ನೊಬ್ಬಳು ಕಲಿಯೋಕೆ ಬರ್ತಾಳಲ್ಲ.”