ಅರ್ಥ ಹೇಳಲು ಬಂದ ಕನಕಮ್ಮ

ಕೊರೊನಾ ಹಿಂದೆ ಸರಿದು ಊರಿನಲ್ಲಿ ಸಭೆ ಸಮಾರಂಭಗಳು ಮತ್ತೆ ಶುರುವಾದ ವರ್ಷ. ನಾನಾಗ ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿಯಾಗಿದ್ದೆ, ನಿವೃತ್ತಿ ಹತ್ತಿರದಲ್ಲಿತ್ತು. ಮಾರ್ಚ್ ತಿಂಗಳ ಮಹಿಳಾ ದಿನಾಚರಣೆಯನ್ನು ಈ ಸಲ ಗ್ರಂಥಾಲಯವೇ ನಡೆಸಲಿ ಎಂದು ಪ್ರಾಂಶುಪಾಲರು ಹೇಳಿದರು. ವಿಷಯ, ಓದು ಮತ್ತು ವಿದ್ವತ್ತಿನಲ್ಲಿ ಮಹಿಳೆಯರ ಸಾಧನೆ. ಇಂಥ ಕಾರ್ಯಕ್ರಮ ಹೇಗೆ ನಡೆಯುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ನಾಲ್ಕೈದು ಗಂಡಸರು ಹೆಣ್ಣಿನ ಮಹತ್ವದ ಬಗ್ಗೆ ಭಾಷಣ ಮಾಡುತ್ತಾರೆ. ಸಾಧಕಿಯನ್ನು ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, ಫೋಟೊ ತೆಗೆಸಿ ಕಳಿಸುತ್ತಾರೆ. ಆಕೆ ಬಾಯಿ ಬಿಟ್ಟು ಒಂದು ಮಾತು ಆಡಿರುವುದಿಲ್ಲ. ನೋಡಿ ನೋಡಿ ನನಗೆ ರೇಜಿಗೆ ಹಿಡಿದಿತ್ತು. ಈ ಸಲ ಓದಿದ ಹೆಂಗಸೊಬ್ಬಳು ಮಾತಾಡಲಿ, ಊರು ಕೂತು ಕೇಳಲಿ ಎಂದು ಹಟ ಹಿಡಿದೆ.

ನನ್ನ ಮನಸ್ಸಿನಲ್ಲಿದ್ದವರು ಭದ್ರಾವತಿಯ ಕನಕಮ್ಮ. ಅವರ ಗಂಡ ಶ್ರೀನಿವಾಸುಲು ಅಲ್ಲಿನ ಕಾರ್ಖಾನೆಯೊಂದರಿಂದ ನಿವೃತ್ತರಾದವರು. ಮನೆಮಾತು ತೆಲುಗು. ಕನಕಮ್ಮ ಮಕ್ಕಳು ದೊಡ್ಡವರಾದ ಮೇಲೆ ದೂರಶಿಕ್ಷಣದಲ್ಲಿ ಕನ್ನಡ ಎಂ.ಎ. ಮಾಡಿದರು. ಪರೀಕ್ಷೆ ಮುಗಿದರೂ ಓದು ನಿಲ್ಲಲಿಲ್ಲ. ಹೊರಗಿನ ಓದುಗರ ಕಾರ್ಡು ಮಾಡಿಸಿಕೊಂಡು, ಬಸ್ಸು ಹತ್ತಿ ನಮ್ಮಲ್ಲಿಗೆ ಬಂದು, ಹಳೆಯ ಕಾವ್ಯಗಳ ಟೀಕೆಗಳನ್ನು, ಅಂದರೆ ಅರ್ಥ ಬಿಡಿಸಿ ಬರೆದ ಪುಸ್ತಕಗಳನ್ನು, ಒಂದರ ಪಕ್ಕ ಒಂದು ಹರಡಿಕೊಂಡು ಕೂರುತ್ತಿದ್ದರು. ಊಟದ ಡಬ್ಬಿ ತೆರೆಯುವುದನ್ನೂ ಮರೆಯುತ್ತಿದ್ದರು. ನಾನೇ ಹೋಗಿ ಎಬ್ಬಿಸಬೇಕಾಗುತ್ತಿತ್ತು.

ಈ ದಂಪತಿಗೆ ಗಮಕದ ಹುಚ್ಚು. ಗಮಕವೆಂದರೆ ಕಾವ್ಯವನ್ನು ರಾಗವಾಗಿ ಓದಿ ಅರ್ಥ ಬಿಡಿಸುವ ಕಲೆ. ವೇದಿಕೆಯಲ್ಲಿ ಇಬ್ಬರಿರುತ್ತಾರೆ. ಒಬ್ಬರು ಪದ್ಯ ಹಾಡುತ್ತಾರೆ, ಅದು ವಾಚನ. ಇನ್ನೊಬ್ಬರು ಅರ್ಥ ಹೇಳುತ್ತಾರೆ, ಅದು ವ್ಯಾಖ್ಯಾನ. ನಾನು ನೋಡಿದ ಸಭೆಗಳಲ್ಲೆಲ್ಲ ಹೆಂಗಸರು ಹಾಡುತ್ತಿದ್ದರು, ಗಂಡಸರು ಅರ್ಥ ಹೇಳುತ್ತಿದ್ದರು. ಇವರ ಮನೆಯಲ್ಲಿ ತಿರುಗುಮುರುಗು. ಶ್ರೀನಿವಾಸುಲು ಅವರದು ತುಂಬು ಕಂಠ. ಕನಕಮ್ಮನವರಿಗೆ ಲಾಲಿಯನ್ನೂ ಶ್ರುತಿಯಲ್ಲಿ ಹಾಡಲು ಬರುವುದಿಲ್ಲ. ಆದರೆ ಅವರು ಮೊದಲು ಮನೆಯಲ್ಲಿ ಅರ್ಥ ಬಿಡಿಸಿ ಹೇಳದೆ ಗಂಡ ಒಂದು ಪದ್ಯವನ್ನೂ ಹಾಡುವುದಿಲ್ಲ. ಭದ್ರಾವತಿಯ ಸಭೆಗಳಿಗೆ ಮಾತ್ರ ಗಂಡನೊಬ್ಬನನ್ನೇ ವಾಚನಕ್ಕೆ ಕರೆಯುತ್ತಿದ್ದರು, ಅರ್ಥ ಹೇಳಲು ಬೇರೆ ಯಾರೋ ವಿದ್ವಾಂಸರು ಬರುತ್ತಿದ್ದರು. ಕನಕಮ್ಮ ಕೆಳಗೆ ಜಮಖಾನದ ಮೇಲೆ ಕೂತು ಕೇಳುತ್ತಿದ್ದರು.

"ಒಂದ್ಸಲ ಮೈಕ್ ಮುಂದೆ ಕೂತು ನಾನು ಓದಿದ್ದನ್ನ ಹೇಳ್ಬೇಕು ಮೇಡಂ," ಎಂದಿದ್ದರು ಒಮ್ಮೆ. "ಕೇಳಿದೋರು ತಪ್ಪು ಅಂದ್ರೂ ಪರ್ವಾಗಿಲ್ಲ. ಅಷ್ಟು ವರ್ಷ ಓದಿದ್ದು ಅಡುಗೆಮನೇಲೇ ಉಳಿದ್ರೆ ಹೊಟ್ಟೆ ಉರಿಯುತ್ತೆ."

ಕನಕಮ್ಮನವರ ಗಮಕ ಇಡೋಣ ಎಂದು ನಾನು ಹೇಳಿದ್ದಕ್ಕೆ ಕಾರ್ಯಕ್ರಮದ ಸಮಿತಿ ಒಪ್ಪಿತು. ಆಹ್ವಾನ ಪತ್ರಿಕೆಗೆ ನಾನು ವಿವರ ಬರೆದುಕೊಟ್ಟೆ: ವಾಚನ ಶ್ರೀನಿವಾಸುಲು, ವ್ಯಾಖ್ಯಾನ ಕನಕಮ್ಮ. ಕಾರ್ಯದರ್ಶಿ ಮಂಜುನಾಥ ಮೇಷ್ಟ್ರು ವಾಣಿಜ್ಯ ವಿಭಾಗದವರು, ಬಹಳ ಒಳ್ಳೆಯವರು. ಅವರ ಒಳ್ಳೆಯತನವೇ ಮುಳುವಾಯಿತು. ಮೇಡಂ ಗಡಿಬಿಡಿಯಲ್ಲಿ ಹೆಸರುಗಳನ್ನು ಅದಲುಬದಲು ಬರೆದಿದ್ದಾರೆ ಎಂದುಕೊಂಡು, ನನ್ನನ್ನು ಒಂದು ಮಾತು ಕೇಳದೆ, ವಾಚನಕ್ಕೆ ಕನಕಮ್ಮನ ಹೆಸರು ಹಾಕಿ 'ಸರಿಪಡಿಸಿ' ಅಚ್ಚಿಗೆ ಕಳಿಸಿದರು. ಗಂಡ ಹೆಂಡತಿ ಇಬ್ಬರೇ ವೇದಿಕೆಯಲ್ಲಿದ್ದರೆ ಚೆನ್ನಾಗಿರದು ಎಂದು, ಅರ್ಥ ಹೇಳಲು ನಮ್ಮ ಊರಿನ ಹಿರಿಯ ವಿದ್ವಾಂಸರಾದ ಜೋಯಿಸರ ಹೆಸರನ್ನು ಸೇರಿಸಿ, ಶ್ರೀನಿವಾಸುಲು ಅವರನ್ನು ಪೂರ್ತಿ ಬಿಟ್ಟೇಬಿಟ್ಟರು. ಪತ್ರಿಕೆ ನನ್ನ ಕೈಗೆ ಬಂದದ್ದು ಕಾರ್ಯಕ್ರಮದ ಬೆಳಿಗ್ಗೆ. ಅಷ್ಟರಲ್ಲಿ ಅದು ಊರಿನ ಈ ಕಡೆಯ ಗೋಪಾಳದಿಂದ ಆ ಕಡೆಯ ಮಲವಗೊಪ್ಪದವರೆಗೆ, ನನ್ನದೊಂದು ಬಿಟ್ಟು ಎಲ್ಲರ ವಾಟ್ಸಾಪಿನಲ್ಲಿ ಓಡಾಡಿತ್ತು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮಂಜುನಾಥರು ಮುಖ ಸಣ್ಣದು ಮಾಡಿಕೊಂಡು, ಹೆಂಗಸರು ಅಂದ್ರೆ ಹಾಡ್ತಾರೆ ಅಂತಲೇ ತಿಳ್ಕೊಂಡೆ ಮೇಡಂ, ಎಂದರು. ಸಭಾಂಗಣದಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಆಗಲೇ ಹೆಂಗಸರ ಶ್ರುತಿಯಲ್ಲಿ ಮಿಡಿಯುತ್ತಿತ್ತು. ಜೋಯಿಸರು ಪಂಚೆ ಶಲ್ಯದಲ್ಲಿ ಸಿದ್ಧರಾಗಿ ಬಂದಿದ್ದರು. ಕನಕಮ್ಮನವರಿಗೆ ಹಾಡಲು ಬರುವುದಿಲ್ಲ ಎಂದು ತಿಳಿದಾಗ ಸಮಿತಿಯವರೆಲ್ಲ ಮೂಲೆಗೆ ಸೇರಿ ಪಿಸುಗುಟ್ಟಿದರು. ಕೊನೆಗೆ ಒಬ್ಬರು ಬಂದು ತೀರ್ಮಾನ ತಿಳಿಸಿದರು. ಶ್ರೀನಿವಾಸುಲು ಹಾಡಲಿ, ಜೋಯಿಸರು ಅರ್ಥ ಹೇಳಲಿ, ಕನಕಮ್ಮನವರಿಗೆ ಕೊನೆಯಲ್ಲಿ ಶಾಲು ಹೊದಿಸಿ ಗೌರವದಿಂದ ಕಳಿಸಿದರಾಯಿತು.

ಯಾವ ಶಾಲಿನಿಂದ ತಪ್ಪಿಸಿಕೊಳ್ಳಲು ನಾನು ಅಷ್ಟು ಹೋರಾಡಿದ್ದೆನೋ ಅದೇ ಶಾಲು ಹಿಂಬಾಗಿಲಿನಿಂದ ಬಂದಿತ್ತು. ನಾನು ಜಗಳಕ್ಕೆ ಸೆರಗು ಕಟ್ಟುವಷ್ಟರಲ್ಲಿ ಕನಕಮ್ಮ ನನ್ನ ಕೈ ಹಿಡಿದು ತಡೆದು, ನೇರ ಜೋಯಿಸರ ಮುಂದೆ ಹೋಗಿ ನಿಂತರು.

"ಶಾಲು ಮನೇಲಿದೆ ಸ್ವಾಮಿ. ನಂಗೆ ಅರ್ಧ ಗಂಟೆ ಕೊಡ್ಸಿ. ನೀವು ಎದುರಿಗೆ ಕೂತು ಕೇಳಿ. ತಪ್ಪಿದ್ರೆ ಅಲ್ಲೇ ನಿಲ್ಸಿ."

ಜೋಯಿಸರು ಅವರನ್ನೇ ನೋಡಿದರು. ಅವರು ಬಿಗಿ ಮನುಷ್ಯ, ಆದರೆ ಸಣ್ಣ ಮನುಷ್ಯರಲ್ಲ. ಶಲ್ಯ ಸರಿಪಡಿಸಿಕೊಂಡು ವೇದಿಕೆ ಬಿಟ್ಟು ಮೊದಲ ಸಾಲಿನಲ್ಲಿ ಕೂತರು. ನಿಲ್ಲಿಸುತ್ತೇನೆ ಎಂದೂ ಹೇಳಿದರು. ಶ್ರೀನಿವಾಸುಲು ವೇದಿಕೆಗೆ ಹತ್ತಿ, ಬಗ್ಗಿ, ತಂಬೂರಿಯ ಶ್ರುತಿಯನ್ನು ತಮ್ಮ ಕಂಠಕ್ಕೆ ಇಳಿಸಿಕೊಂಡರು.

ಆರಿಸಿಕೊಂಡಿದ್ದ ಭಾಗ, ತುಂಬಿದ ಸಭೆಯಲ್ಲಿ ಹೆಣ್ಣೊಬ್ಬಳು ಹಿರಿಯರನ್ನು ನ್ಯಾಯ ಕೇಳುವ ಸಂದರ್ಭ. ನಮ್ಮ ಕಡೆ ಇಂಥದ್ದನ್ನು ಮುಖಾರಿ ರಾಗದಲ್ಲಿ ಹಾಡುತ್ತಾರೆ. ಅದು ದುಃಖದ ರಾಗ. ಕೇಳುವವರು ಕರ್ಚೀಫು ತೆಗೆಯುತ್ತಾರೆ. ಶ್ರೀನಿವಾಸುಲು ಬಾಯಿ ತೆರೆದರೆ ಬಂದದ್ದು ಅಠಾಣ. ಅದು ವೀರರ ರಾಗ, ಯುದ್ಧಕ್ಕೆ ಹೊರಟವರ ರಾಗ. ಸಭೆಯಲ್ಲಿ ಗುಜುಗುಜು ಎದ್ದಿತು. ಪದ್ಯ ಮುಗಿಯುವುದಕ್ಕೂ ಜೋಯಿಸರು ಕೈ ಎತ್ತುವುದಕ್ಕೂ ಸರಿಹೋಯಿತು.

"ಇದನ್ನ ಹಿಂದಿನೋರೆಲ್ಲ ಮುಖಾರಿಯಲ್ಲೇ ಹಾಡಿದಾರಲ್ಲಮ್ಮ. ಅವರಿಗೆ ತಿಳೀತಿರ್ಲಿಲ್ವ?"

ಕನಕಮ್ಮ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು.

"ಅವರು ಹಾಡಿದ್ದನ್ನ ಕೇಳಿಯೇ ನಾನು ಕಲ್ತಿದ್ದು ಸ್ವಾಮಿ. ಆದ್ರೆ ಈ ಪದ್ಯಗಳಲ್ಲಿ ಅವಳು ಅಳೋದು ಎಲ್ಲಿದೆ? ಕಣ್ಣೀರಿನ ಮಾತು ಬರೋದು ಆಮೇಲೆ, ಅದೂ ನೋಡ್ತಾ ಕೂತೋರ ಕಣ್ಣಲ್ಲಿ. ಇವಳು ಕೇಳ್ತಿರೋದು ಪ್ರಶ್ನೆ. ಮುಖಾರಿಯಲ್ಲಿ ಹಾಡಿದ್ರೆ ನಾವು ಅಯ್ಯೋ ಪಾಪ ಅಂತೀವಿ, ಉತ್ತರ ಕೊಡೋದನ್ನ ಮರೀತೀವಿ."

ಆಮೇಲೆ ಅವರು ಒಂದೊಂದೇ ಪದ್ಯ ಬಿಡಿಸಿದರು. ಯಾವ ಟೀಕಾಕಾರರು ಎಲ್ಲಿ 'ಗೋಳಿಟ್ಟಳು' ಎಂದು ಅರ್ಥ ಬರೆದಿದ್ದಾರೆ, ಮೂಲದಲ್ಲಿ ಅಲ್ಲಿ ಯಾವ ಕ್ರಿಯೆ ಇದೆ, ಒಬ್ಬರ ಮಾತನ್ನು ಇನ್ನೊಬ್ಬರು ಹೇಗೆ ಹಾಗೆಯೇ ಎತ್ತಿಕೊಂಡರು ಎಂಬುದನ್ನೆಲ್ಲ ಪುಸ್ತಕ ನೋಡದೆ ಹೇಳಿದರು. ಯಾರನ್ನೂ ಹೀಗಳೆಯಲಿಲ್ಲ. ನಡುನಡುವೆ ಗಂಡನಿಗೆ ಕಣ್ಣಲ್ಲೇ ಸನ್ನೆ ಮಾಡುತ್ತಿದ್ದರು, ಅವರು ಹಾಡುತ್ತಿದ್ದರು. ಹಿಂದಿನ ಸಾಲಿನ ಹುಡುಗಿಯರು ಮೊಬೈಲು ಕೆಳಗಿಟ್ಟಿದ್ದನ್ನು ನಾನು ಕಣ್ಣಾರೆ ಕಂಡೆ. ಕಾಲೇಜಿನಲ್ಲಿ ಕೆಲಸ ಮಾಡಿದವರಿಗೆ ಇದರ ಬೆಲೆ ಗೊತ್ತು.

ಅರ್ಧ ಗಂಟೆ ಮುಗಿಯಿತು. ಜೋಯಿಸರು ಮತ್ತೆ ಕೈ ಎತ್ತಿದರು.

"ಆ ಮೊದಲನೇ ಪದ್ಯ ಇನ್ನೊಂದ್ಸಲ ಹಾಡ್ಸಿ," ಎಂದರು. "ಅಠಾಣದಲ್ಲೇ."

ಹಾಡಿ ಎಂದು ಗಂಡನಿಗೆ ಹೇಳಲಿಲ್ಲ, ಹಾಡಿಸಿ ಎಂದು ಹೆಂಡತಿಗೆ ಹೇಳಿದರು. ಚಪ್ಪಾಳೆ ಎಷ್ಟು ಹೊತ್ತು ನಡೆಯಿತೋ ನನಗೆ ನೆನಪಿಲ್ಲ. ನಾನು ಅಳುತ್ತಿದ್ದೆ, ಅದು ನೆನಪಿದೆ. ಮಂಜುನಾಥರು ಎಲ್ಲರಿಗಿಂತ ಜೋರಾಗಿ ತಟ್ಟಿದರು. ಶಾಲು ಯಾರೂ ತರಲಿಲ್ಲ. ಸಂಜೆ ಅವರನ್ನು ಬಸ್ಸಿಗೆ ಹತ್ತಿಸಿದಾಗ ಗಂಡ ಹೆಂಡತಿ ಮುಂದಿನ ಪದ್ಯದ ರಾಗದ ಬಗ್ಗೆ ಜಗಳಾಡುತ್ತಿದ್ದರು.

ಅಲ್ಲಿಯವರೆಗೆ ಓದುಗರಿಗೆ ಪುಸ್ತಕ ಕೊಡುವುದು, ವಾಪಸು ಪಡೆಯುವುದು, ಇಷ್ಟೇ ನನ್ನ ಕೆಲಸ ಎಂದು ನಂಬಿದ್ದೆ. ಓದಿದವರಿಗೆ ಮಾತಾಡಲು ಒಂದು ಜಾಗ ಮಾಡಿಕೊಡುವುದೂ ಗ್ರಂಥಾಲಯದ ಕೆಲಸವೇ ಎಂದು ಕನಕಮ್ಮ ಕಲಿಸಿದರು. ನಿವೃತ್ತಿಯವರೆಗೆ ಪ್ರತಿ ತಿಂಗಳೂ ಒಬ್ಬ ಓದುಗಾರ್ತಿಯನ್ನು ಮೈಕಿನ ಮುಂದೆ ಕೂರಿಸಿದೆ.

ಮುಂದಿನ ವಾರ ಜೋಯಿಸರು ನನ್ನ ಕೌಂಟರಿಗೆ ಬಂದರು. ಕನಕಮ್ಮ ಹೆಸರಿಸಿದ ಹಳೆಯ ಟೀಕೆಯೊಂದು ಬೇಕಿತ್ತು. ಕಂಪ್ಯೂಟರಿನಲ್ಲಿ ನೋಡಿದೆ. ಪುಸ್ತಕ ಭದ್ರಾವತಿಯಲ್ಲಿದೆ, ಕನಕಮ್ಮ ಇನ್ನೂ ಓದುತ್ತಿದ್ದಾರೆ, ಬೇಕಿದ್ದರೆ ಸರದಿಯಲ್ಲಿ ನಿಮ್ಮ ಹೆಸರು ಹಾಕುತ್ತೇನೆ ಎಂದೆ. ಮುಖದ ಮೇಲೆ ನಗು ಬಾರದಂತೆ ನೋಡಿಕೊಳ್ಳುವುದು ಕಷ್ಟವಾಯಿತು.

ಜೋಯಿಸರು ಕನ್ನಡಕ ತೆಗೆದು ಒರೆಸಿಕೊಂಡರು.

"ಬರ್ಕೊಳಿ. ಅವರ ಹಿಂದೆ ನನ್ನ ಹೆಸರು ಬರ್ಕೊಳಿ."